ನೀವು ಸೋಸಿದ ನೀರು

ಸುಮನ ಭಂತೆ, ಅವತ್ತು ಸೂಕ್ಷ್ಮದರ್ಶಕದಲ್ಲಿ ನೀವು ನೋಡಿದ್ದು ನೀವು ಸೋಸಿದ ನೀರಲ್ಲ. ಅದು ನಾನು ಮನೆಯಿಂದ ಬಾಟಲಿಯಲ್ಲಿ ತಂದಿದ್ದ ನೀರು — ಒಣಹುಲ್ಲು ಹಾಕಿ ದಿನಗಟ್ಟಲೆ ಕೊಳೆಯಲು ಬಿಟ್ಟಿದ್ದ, ನಾರುತ್ತಿದ್ದ ನೀರು. ನೀವು ಊಟಕ್ಕೆ ಎದ್ದು ಹೋಗಿದ್ದಾಗ ನಿಮ್ಮ ಸ್ಲೈಡನ್ನು ತೆಗೆದು ನನ್ನದನ್ನು ಇಟ್ಟೆ. ಆಮೇಲೆ ನೀವು ಕೇಳಿದಾಗ, ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನಿಮ್ಮನ್ನು ಭಂತೆ ಎಂದು ಕರೆಯುವುದು ಈಗ ಸರಿಯೋ ತಪ್ಪೋ. ಬೌದ್ಧ ಭಿಕ್ಷುವಿಗೆ ಸಲ್ಲುವ ಆ ಮಾತನ್ನೂ ಮೈಮೇಲಿನ ಚೀವರವನ್ನೂ ನೀವು ಬಿಟ್ಟು ಎಷ್ಟೋ ಕಾಲವಾಯಿತು — ಬಿಡುವಂತೆ ಮಾಡಿದವಳು ನಾನು. ಆದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಮತ್ತೆ ಬರೆಯುತ್ತೇನೆ, ಬೇಸರಿಸಬೇಡಿ. ನಿಮ್ಮ ಕಥೆಯನ್ನು ಎಷ್ಟೋ ವೇದಿಕೆಗಳ ಮೇಲೆ ನಿಂತು ಹೇಳಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ಚಪ್ಪಾಳೆ ತಟ್ಟಿದವರೂ ಇದನ್ನು ಓದಲಿ.

ಎಂಬತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಒಂದು ಹುಡುಗಿಯರ ಜೂನಿಯರ್ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ. ಭಾನುವಾರ ಬಂತೆಂದರೆ ನಮ್ಮಂಥ ನಾಲ್ಕಾರು ಮೇಷ್ಟ್ರುಗಳು ಸೇರಿ ಕೊಳಗೇರಿ, ಹಾಸ್ಟೆಲ್ಲು, ಅನಾಥಾಲಯ ಎಂದು ಸುತ್ತುತ್ತ ಕೈಯಾರೆ ಮಾಡಿ ಕಲಿಯುವ ವಿಜ್ಞಾನ ತೋರಿಸುತ್ತಿದ್ದೆವು. ಉರಿದುಹೋದ ಬಲ್ಬಿಗೆ ನೀರು ತುಂಬಿ ಭೂತಗನ್ನಡಿ ಮಾಡುವುದು, ಹಾಲಿನಪುಡಿ ಡಬ್ಬಿಗೆ ತೂತು ಕೊರೆದು ಕ್ಯಾಮೆರಾ ಮಾಡುವುದು, ಇಂಥವು. ನಮ್ಮ ಮುಂದಾಳು ರಾಜಣ್ಣ ಮೇಷ್ಟ್ರು, ಭೌತಶಾಸ್ತ್ರದವರು. 'ನಂಬಬೇಡಿ, ನೋಡಿ' — ಇದು ಹೋದಲ್ಲೆಲ್ಲ ನಾನು ಹಲಗೆಯ ಮೇಲೆ ಮೊದಲು ಬರೆಯುತ್ತಿದ್ದ ಸಾಲು. 

ಕಾಲೇಜಿನಲ್ಲಿ ನಾನು ಮಾಡುತ್ತಿದ್ದುದು ಬೇರೆಯೇ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹುಡುಗಿಯರು ಗಿಡದ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ ಸ್ಲೈಡು ಮಾಡಬೇಕು. ಕೈ ನಡುಕಕ್ಕೆ ಚೂರುಗಳು ದಪ್ಪ ಬರುತ್ತಿದ್ದವು, ಏನೂ ಕಾಣುತ್ತಿರಲಿಲ್ಲ. ಆಗ ಪರೀಕ್ಷಕರು ಕಾಫಿಗೆ ಎದ್ದರೆ ಸಾಕು — ಅಂಗಡಿಯಿಂದ ತಂದಿಟ್ಟ ರೆಡಿಮೇಡ್ ಸ್ಲೈಡನ್ನು ನಾನು ಸದ್ದಿಲ್ಲದೆ ಸೂಕ್ಷ್ಮದರ್ಶಕದ ಕೆಳಗೆ ಸೇರಿಸಿಬಿಡುತ್ತಿದ್ದೆ. ಪರೀಕ್ಷಕರಿಗೂ ಗೊತ್ತಿರುತ್ತಿತ್ತು. ಅವರ ಕಾಲೇಜಿನಲ್ಲೂ ಅದೇ ನಡೆಯುತ್ತಿತ್ತಲ್ಲ. ಪಾಪ, ಹೆಣ್ಣುಮಕ್ಕಳು ಪಾಸಾಗಲಿ ಅಂತ. ಬರಬೇಕಾದ ಉತ್ತರ ಮೊದಲೇ ಗೊತ್ತಿದೆ, ಬರದಿದ್ದರೆ ಬರಿಸಬೇಕು, ಅಷ್ಟೆ. ಇದಕ್ಕೆ ಮೋಸ ಎಂದು ಹೆಸರಿಡಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ನಿಮ್ಮ ವಿಹಾರ ಆಗ ಶ್ರೀಗಂಧದ ಕಾವಲಿನ ಅಂಚಿನಲ್ಲಿತ್ತು. ಯಾರೋ ಉಪಾಸಕರು ಬಿಟ್ಟುಕೊಟ್ಟಿದ್ದ ಹೆಂಚಿನ ಮನೆ, ಹಿತ್ತಿಲಲ್ಲಿ ಸೇದುವ ಬಾವಿ, ಸುತ್ತ ಬರೀ ಹೊಲ. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬರಬೇಕಿತ್ತು. ನಮ್ಮನ್ನು ಕರೆಸಿದವರು ನಿಮ್ಮ ಗುರು, ಕೋಲಾರದ ಕಡೆಯವರಾದ ದೊಡ್ಡ ಭಂತೆ. ನಮ್ಮ ಹುಡುಗರು ಬಾಯಿಪಾಠ ಬಹಳ ಮಾಡುತ್ತಾರೆ, ಕೈಯಲ್ಲೂ ಒಂದಿಷ್ಟು ಕಲಿಯಲಿ ಎಂದರು. ಬಂದು ನೋಡು ಎಂದೇ ನಮ್ಮ ಭಗವಾನರೂ ಹೇಳಿದ್ದು, ನೀವೂ ಅದನ್ನೇ ಹೇಳುತ್ತೀರಂತೆ ಎಂದು ನಕ್ಕರು. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೆ?

ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ದಿನವೇ ನಾನು ಒಂದು ಮಸೂರವನ್ನು ನಿಮ್ಮತ್ತ ಚಾಚಿದೆ. ನೀವು ಕೈ ಹಿಂದಕ್ಕೆ ಎಳೆದುಕೊಂಡಿರಿ. ಮೇಜಿನ ಮೇಲೆ ಒಂದು ಬಟ್ಟೆ ಹಾಸಿ, ಅದರ ಮೇಲಿಡಿ ಎಂದು ಕಣ್ಣಲ್ಲೇ ತೋರಿಸಿದಿರಿ. ಹೆಂಗಸರ ಕೈಯಿಂದ ಭಿಕ್ಷುಗಳು ನೇರವಾಗಿ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಇದು ನಮ್ಮನ್ನು ಕಟ್ಟುವ ನಿಯಮ, ನಿಮ್ಮ ಮೇಲಿನ ಅಸಡ್ಡೆ ಅಲ್ಲ ಎಂದು ಎಷ್ಟು ಮೆತ್ತಗೆ ಹೇಳಿದಿರಿ. ನಾನು ತಲೆಯಾಡಿಸಿದೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಮನೆಯಲ್ಲಿ ತಿಂಗಳು ತಿಂಗಳೂ ಹಿತ್ತಿಲ ಬಾಗಿಲಲ್ಲಿ ಕೂತು, ನನಗೆಂದೇ ಇಟ್ಟ ಲೋಟಕ್ಕೆ ಮೇಲಿಂದ ನೀರು ಹುಯ್ಯಿಸಿಕೊಂಡವಳು ನಾನು. ಓದಿ, ಕೆಲಸ ಹಿಡಿದು, ಅದನ್ನೆಲ್ಲ ದಾಟಿ ಬಂದೆ ಎಂದುಕೊಂಡರೆ ಇಲ್ಲೂ ಅದೇ ಮಡಿಯೇ ಎಂದು — ನಿಮ್ಮ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲೇ ಇಲ್ಲ. ಅವತ್ತೇ ಒಂದು ಮುಳ್ಳನ್ನು ಒಳಗಿಟ್ಟುಕೊಂಡು ಮನೆಗೆ ಹೋದೆ.

ಆದರೂ ನನ್ನ ಇಪ್ಪತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ನಿಮ್ಮಂಥ ವಿದ್ಯಾರ್ಥಿ ಸಿಗಲಿಲ್ಲ. ಈರುಳ್ಳಿಯ ಸಿಪ್ಪೆಯಲ್ಲಿ ಜೀವಕೋಶ ತೋರಿಸಲು ಹೋದಾಗ, ಮೊಳೆಯುವ ಗಡ್ಡೆಯನ್ನು ನಾವು ಕತ್ತರಿಸುವಂತಿಲ್ಲ, ನೀವು ಕೊಯ್ದುಕೊಡಿ ಎಂದಿರಿ. ನಾನು ಗೊಣಗಿಕೊಂಡೇ ಕೊಯ್ದೆ. ಚಿಕ್ಕ ಭಿಕ್ಷುಗಳು ಒಂದು ಸಲ ಇಣುಕಿ ನಕ್ಕು ಸರಿದರು. ನೀವು ಮಾತ್ರ ಕಣ್ಣು ತೆಗೆಯಲಿಲ್ಲ. ಇಟ್ಟಿಗೆ ಗೋಡೆ ಕಟ್ಟಿದ ಹಾಗಿದೆ ಟೀಚರಮ್ಮ ಎಂದಿರಿ, ಕಟ್ಟಿದವರು ಯಾರು ಎಂದು ಕೇಳಲಿಲ್ಲ, ಹೇಗೆ ಕಟ್ಟಿಕೊಳ್ಳುತ್ತೆ ಎಂದು ಕೇಳಿದಿರಿ. ಕೊಳ್ಳೇಗಾಲದ ಕಡೆಯ ಹಳ್ಳಿಯಿಂದ ಬಂದು, ಮೀಸೆ ಮೂಡುವ ಮುಂಚೆಯೇ ಚೀವರ ಉಟ್ಟ ನಿಮಗೆ ಅಂಥ ಪ್ರಶ್ನೆ ಎಲ್ಲಿಂದ ಬರುತ್ತಿತ್ತೋ. ನಾನು ಒಳಗೊಳಗೇ ಖುಷಿಪಡುತ್ತಿದ್ದೆ, ಅಷ್ಟೇ ಒಳಗೊಳಗೇ ಕುದಿಯುತ್ತಿದ್ದೆ ಕೂಡ.

ಒಂದು ಭಾನುವಾರ ನೀವೇ ನೀರು ಸೋಸುವ ಬಟ್ಟೆಯನ್ನು ತಂದು ಮೇಜಿನ ಮೇಲೆ ಹರಡಿದಿರಿ. ಭಿಕ್ಷು ಸದಾ ಜೊತೆಗೆ ಇಟ್ಟುಕೊಳ್ಳಬೇಕಾದ ಕೆಲವೇ ವಸ್ತುಗಳಲ್ಲಿ ಅದೂ ಒಂದು. ನೀರಿನಲ್ಲಿರುವ ಜೀವಿಗಳು ಹೊಟ್ಟೆಗೆ ಹೋಗಿ ಸಾಯಬಾರದೆಂದು ಸೋಸಿ ಕುಡಿಯುತ್ತೀರಿ. ದೀಕ್ಷೆಯ ದಿನ ದೊಡ್ಡ ಭಂತೆಯೇ ಕೊಟ್ಟದ್ದು, ಒಗೆದೊಗೆದು ನಡುವೆ ತೆಳುವಾಗಿತ್ತು. 'ಇದು ನಿಜವಾಗ್ಲೂ ತಡೆಯುತ್ತಾ ಟೀಚರಮ್ಮ?' ಎಂದು ಕೇಳಿದಿರಿ. ಗುರು ಕೊಟ್ಟ ಬಟ್ಟೆಯನ್ನೇ ಪರೀಕ್ಷೆಗೆ ಇಡುವ ಧೈರ್ಯ — ನನ್ನ ಜಾಗದಲ್ಲಿ ಒಳ್ಳೆಯ ಟೀಚರ್ ಇದ್ದಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಬಂದದ್ದು ಗೆಲ್ಲುವ ಹುರುಪು. ಬರುವ ವಾರ ನೋಡೇಬಿಡೋಣ ಎಂದೆ. ಹೋಗಿ ರಾಜಣ್ಣ ಮೇಷ್ಟ್ರಿಗೂ ತಂಡದ ಉಳಿದವರಿಗೂ ಹೇಳಿದೆ, ಬನ್ನಿ, ಈ ಸಲ ಒಂದು ಮೂಢನಂಬಿಕೆ ಹೇಗೆ ಒಡೆಯುತ್ತೆ ತೋರಿಸ್ತೀನಿ ಅಂತ.

ಕಾಲೇಜಿನ ಸೂಕ್ಷ್ಮದರ್ಶಕವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ನೀರಿನ ಜೀವಿಗಳು ಹೇಗಿರುತ್ತವೆ ಎಂದು ತೋರಿಸಲು ಹುಲ್ಲಿನ ನೀರಿನ ಬಾಟಲಿಯನ್ನೂ ತಂದಿದ್ದೆ. ನೀವು ಬಾವಿಯಿಂದ ನೀರು ಸೇದಿಸಿ, ಬಟ್ಟೆಯಲ್ಲಿ ಸೋಸಿ, ನಿಮ್ಮ ಕೈಯಿಂದಲೇ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟಿರಿ. ನೋಡಿದೆವು. ಏನೂ ಇಲ್ಲ. ಇನ್ನೊಂದು ಹನಿ — ಏನೂ ಇಲ್ಲ. ಕನ್ನಡಿ ತಿರುಗಿಸಿ ಬೆಳಕು ಹೆಚ್ಚಿಸಿದೆ, ಮಸೂರ ಬದಲಿಸಿದೆ, ಬಗ್ಗಿ ಬಗ್ಗಿ ಕುತ್ತಿಗೆ ನೋಯಿತು. ಬೆಳ್ಳನೆ ಬೆಳಕು ಬಿಟ್ಟರೆ ಏನೂ ಇಲ್ಲ. ನಿಮ್ಮ ಮುಖದ ಮೇಲೆ ಮೂಡಿದ ಸಮಾಧಾನವನ್ನು ನಾನು ಮರೆತಿಲ್ಲ. ಹೆಮ್ಮೆ ಏನೂ ಇರಲಿಲ್ಲ ಅದರಲ್ಲಿ, ಭಾರ ಇಳಿಸಿದವರ ಸಮಾಧಾನ. ಅಷ್ಟರಲ್ಲಿ ಮಧ್ಯಾಹ್ನಕ್ಕೆ ಮೊದಲೇ ಮುಗಿಸಬೇಕಾದ ನಿಮ್ಮ ಊಟಕ್ಕೆ ಗಂಟೆ ಹೊಡೆಯಿತು, ನೀವೆಲ್ಲ ಎದ್ದಿರಿ.

ರಾಜಣ್ಣ ಮೇಷ್ಟ್ರು ಉಳಿದವರ ಜೊತೆ ಜಗಲಿಯತ್ತ ಹೋಗುತ್ತ, ಬೇರೆಯವರಿಗೆ ಕೇಳುವ ಹಾಗೆಯೇ ನಕ್ಕರು. 'ಏನ್ ಮೇಡಂ, ಬಟ್ಟೆನೇ ಗೆದ್ದಂಗಾಯ್ತಲ್ಲ!'

ಅಷ್ಟೇ ಮಾತು. ಕೆಟ್ಟ ಮನುಷ್ಯರಲ್ಲ ಅವರು, ತಮಾಷೆಗೆ ಅಂದದ್ದು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಕೋಣೆಯಲ್ಲಿ ನಾನೊಬ್ಬಳೇ. ಮೇಜಿನ ಮೇಲೆ ನಿಮ್ಮ ಸ್ಲೈಡು, ನಿಮ್ಮ ಬಟ್ಟೆ — ನನ್ನ ಕೈ ತಾಗದಂತೆ ನೀವು ಹಾಸುತ್ತಿದ್ದ ಆ ಇನ್ನೊಂದು ಬಟ್ಟೆಯೂ. ಕೈ ತಾನಾಗಿಯೇ ಬಾಟಲಿಗೆ ಹೋಯಿತು ಎಂದು ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ಮತ್ತೊಂದು ಸುಳ್ಳಾದೀತು. ನಾನೇ ಮುಚ್ಚಳ ತೆಗೆದೆ. ನಾನೇ ಹನಿ ಬಿಟ್ಟೆ. ನಿಮ್ಮ ಸ್ಲೈಡನ್ನು ಸೆರಗಿನಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿದೆ. ಪರೀಕ್ಷಕರು ಕಾಫಿಗೆ ಹೋದಾಗ ಮಾಡುತ್ತಿದ್ದ ಕೆಲಸವೇ, ಅದೇ ಚುರುಕು, ಎದೆ ಕೂಡ ಹೊಡೆದುಕೊಳ್ಳಲಿಲ್ಲ.

ನೀವು ಬಂದ ಮೇಲೆ, ಆಗ ಬೆಳಕು ಸರಿಯಿರಲಿಲ್ಲ, ಇನ್ನೊಂದು ಸಲ ನೋಡಿ ಎಂದೆ. ನೀವು ಬಗ್ಗಿದಿರಿ. ಎಷ್ಟು ಹೊತ್ತು ಬಗ್ಗಿಯೇ ಇದ್ದಿರಿ! ಅದರಲ್ಲಿ ಏನಿತ್ತೆಂದು ನನಗೆ ಗೊತ್ತು — ಚಪ್ಪಲಿಯ ಆಕಾರದವು, ಗುಂಡಗಿನವು, ಒಂದರ ಮೇಲೊಂದು ನುಗ್ಗಿ ಓಡಾಡುವ ನೂರಾರು ಜೀವಗಳು. ತಲೆ ಎತ್ತಿದಾಗ ನಿಮ್ಮ ತುಟಿ ಒಣಗಿತ್ತು.

'ಇದು ನಾನ್ ಸೋಸಿದ ನೀರೇನಾ ಟೀಚರಮ್ಮ?'

'ಹೂಂ ಭಂತೆ. ಅದೇ ನೀರು.'

ಕಾಯಿಸಿದರೆ ಏನಾಗುತ್ತವೆ ಎಂದು ಕೇಳಿದಿರಿ. ಸಾಯುತ್ತವೆ ಎಂದೆ — ಉತ್ಸಾಹದಿಂದ ಹೇಳಿದೆ, ಪಾಠದ ಮುಂದಿನ ಭಾಗ ಎಂಬಂತೆ. ರಾಜಣ್ಣ ಮೇಷ್ಟ್ರು ನನ್ನನ್ನು ಹೊಗಳಿದರು. ವಾಪಸ್ಸು ಬಸ್ಸಿನಲ್ಲಿ ಎಲ್ಲರೂ ನಗುತ್ತ ಬಂದೆವು. ನೀವು ಆ ಬಟ್ಟೆಯನ್ನು ಮಡಿಸದೆ ಹಾಗೆಯೇ ಹಿಡಿದುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತಿದ್ದನ್ನು ನಾನು ಗೇಟಿನಿಂದ ನೋಡಿದ್ದೆ. ನೋಡಿಯೂ ಬಸ್ಸಿನಲ್ಲಿ ನಕ್ಕೆ.

ಆಮೇಲಿನ ಭಾನುವಾರಗಳಲ್ಲಿ ನೀವು ಸೊರಗುತ್ತಿದ್ದುದು ಕಾಣುತ್ತಿತ್ತು. ಬೇಸಿಗೆ, ಉಪವಾಸವೇನೋ ಎಂದುಕೊಂಡೆ. ಒಂದು ದಿನ ವಿಹಾರದಿಂದ ಹೇಳಿಕಳಿಸಿದರು, ನೀವು ಆಸ್ಪತ್ರೆಯಲ್ಲಿದ್ದೀರಿ ಎಂದು. ನೀರು ಕುಡಿಯುವುದನ್ನು ಎಷ್ಟು ಕಡಿಮೆ ಮಾಡಿದ್ದಿರೆಂದರೆ ಮೂತ್ರದಲ್ಲಿ ರಕ್ತ ಬಂದು, ನೋವಿಗೆ ಬಾವಿಯ ಹತ್ತಿರ ಬಿದ್ದಿದ್ದಿರಂತೆ. ನಾನು ಎಳನೀರು ತೆಗೆದುಕೊಂಡು ಓಡಿ ಬಂದೆ. ಸೋಸಬೇಕಿಲ್ಲದ ನೀರು ಅದೊಂದೇ ತಾನೆ, ಅದನ್ನೇ ಯಾಕೆ ಆರಿಸಿಕೊಂಡೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ವಾರ್ಡಿನ ಹೊರಗೆ ದೊಡ್ಡ ಭಂತೆ ನಿಂತಿದ್ದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. 'ಗೊತ್ತಿಲ್ದೆ ಕುಡಿದ್ರೆ ದೋಷ ಇಲ್ಲಮ್ಮ. ನೀರಲ್ಲಿ ಜೀವ ಐತೆ ಅಂತ ಗೊತ್ತಿದ್ದೂ ಕುಡಿದ್ರೆ ದೋಷ. ಅವನಿಗೆ ಈಗ ಗೊತ್ತಾಗ್ಬಿಟ್ಟಿದೆ' ಎಂದರು. ಇಷ್ಟೊಂದು ಹಚ್ಚಿಕೊಳ್ಳಬೇಡ ಎಂದು ಎಷ್ಟು ಹೇಳಿದರೂ ನೀವು ಕೇಳುತ್ತಿಲ್ಲವಂತೆ. ಕಣ್ಣಾರೆ ಕಂಡಿದ್ದೇನೆ ಎನ್ನುತ್ತೀರಂತೆ.

ಆ ಕ್ಷಣ ನನಗೆ ಅರ್ಥವಾಯಿತು, ನಾನು ಎಂಥ ಕೆಲಸ ಮಾಡಿದ್ದೇನೆಂದು. ನಿಮ್ಮ ವ್ರತವಿಡೀ ನಿಂತಿದ್ದು ಆ ಒಂದು 'ಗೊತ್ತು' ಎಂಬುದರ ಮೇಲೆ, ಆ 'ಗೊತ್ತು' ನಾನು ಬಾಟಲಿಯಿಂದ ಬಿಟ್ಟ ಹನಿ. ಸೋಸದೆ ಕುಡಿಯುವಂತಿಲ್ಲ, ಸೋಸಿ ಕುಡಿಯುವಂತಿಲ್ಲ, ಕಾಯಿಸಿಕೊಡಿ ಎಂದು ಯಾರನ್ನೂ ಕೇಳುವಂತಿಲ್ಲ. ನಾನು ಒಂದು ಮಾತು ಹೇಳಿದ್ದರೆ ಆ ಕಟ್ಟು ಅಲ್ಲೇ ಬಿಚ್ಚುತ್ತಿತ್ತು. ಒಳಗೆ ಹೋದೆ. ನೀವು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಟವೆಲ್ಲು ಹಾಸಿದಿರಿ, ನಾನು ಎಳನೀರು ಇಟ್ಟೆ. ಇದರಲ್ಲೂ ಇರುತ್ತವಾ ಎಂದು ಕೇಳಿದಿರಿ. ಇಲ್ಲ ಎಂದೆ. ನೀವು ಸುಮ್ಮನೆ ಕುಡಿದಿರಿ. 'ನಂಬಬೇಡಿ, ನೋಡಿ' ಎಂದು ನಾನು ಕಲಿಸಿದ್ದ ಮನುಷ್ಯ, ನೋಡುವುದನ್ನು ಬಿಟ್ಟು ನನ್ನನ್ನು ನಂಬಿ ಕುಡಿಯುತ್ತಿದ್ದ.

ಆಮೇಲೆ ನೀವು ಹೇಳಿದ್ದು — ಅದನ್ನು ಬರೆಯದೆ ಬಿಡಬೇಕೆಂದು ಎಷ್ಟೋ ಸಲ ಅನ್ನಿಸಿತು. 'ನೀವು ನನ್ ಕಣ್ಣು ತೆರೆಸಿದ್ರಿ ಟೀಚರಮ್ಮ. ಕಷ್ಟ ಆಗ್ತಿದೆ. ಆದ್ರೂ ನಿಜ ಗೊತ್ತಾಗೋದು ಒಳ್ಳೇದೇ ಅಲ್ವಾ.'

ಬಾಯಿ ತೆರೆದೆ. ಹೇಳಿಬಿಡಬೇಕೆಂದಿದ್ದೆ. ಅದೇ ವಾರ ಮೇಷ್ಟ್ರುಗಳ ಒಂದು ಶಿಬಿರದಲ್ಲಿ ನಾನು ಈ 'ಪ್ರಯೋಗ'ದ ಬಗ್ಗೆ ಮಾತಾಡಿ ಬಂದಿದ್ದೆ. ಈಗ ನಿಜ ಹೇಳಿದರೆ ರಾಜಣ್ಣ ಮೇಷ್ಟ್ರ ಮುಂದೆ, ಕಾಲೇಜಿನಲ್ಲಿ, ಎಲ್ಲರ ಮುಂದೆ — ನನ್ನ ಮಾನ. ಒಂದು ಕಡೆ ನಿಮ್ಮ ಬದುಕು, ಇನ್ನೊಂದು ಕಡೆ ನನ್ನ ಮಾನ. ಬೇಗ ಹುಷಾರಾಗಿ ಎಂದು ಹೇಳಿ ಎದ್ದು ಬಂದೆ. ಸ್ಲೈಡು ಬದಲಿಸಿದ್ದು ಕೋಪದಲ್ಲಿ, ಅವಸರದಲ್ಲಿ. ಇದು ಹಾಗಲ್ಲ. ತಣ್ಣಗೆ, ಯೋಚಿಸಿ, ನಿಮ್ಮನ್ನು ಅಲ್ಲಿ ಬಿಟ್ಟು ಬಂದೆ.

ಗುಣವಾದ ಮೇಲೆ ನೀವು ಚೀವರ ಬಿಟ್ಟಿರಿ. ಒಂದು ಗುಟುಕು ನೀರನ್ನೂ ದೋಷವಿಲ್ಲದೆ ಕುಡಿಯಲಾಗದವನು ಭಿಕ್ಷುವಾಗಿ ಯಾರನ್ನು ಮೋಸಗೊಳಿಸಲಿ ಎಂದು ದೊಡ್ಡ ಭಂತೆಗೆ ಹೇಳಿ, ನಮಸ್ಕರಿಸಿ ಹೊರಟಿರಂತೆ. ಅವರು ಗೇಟಿನವರೆಗೂ ಬಂದು ನಿಂತಿದ್ದರಂತೆ. ನಾನು ಆಮೇಲೆ ವಿಹಾರಕ್ಕೆ ಕಾಲಿಡಲಿಲ್ಲ. ಕಾಲೇಜಿನಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಿದೆ. ದೊಡ್ಡ ಭಂತೆ ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಆದರೆ ಶಿಬಿರಗಳಲ್ಲಿ ನಿಮ್ಮ ಕಥೆ ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ ನೋಡಿ. ಒಬ್ಬ ಭಿಕ್ಷು ಸತ್ಯವನ್ನು ಕಣ್ಣಾರೆ ಕಂಡು ಗುರು ಕೊಟ್ಟ ಬಟ್ಟೆಯನ್ನೇ ಬಿಟ್ಟ ಕಥೆ. ಎಂಥ ನಾಚಿಕೆಗೆಟ್ಟವಳು!

ಆ ದಶಕ ಮುಗಿಯುವ ಹೊತ್ತಿಗೆ ನಾವು ವಿಜಯನಗರಕ್ಕೆ ಮನೆ ಬದಲಾಯಿಸಿದ್ದೆವು. ರಾಗಿ ಬೀಸಿಸಲು ಮಾರೇನಹಳ್ಳಿಯ ಒಂದು ಹಿಟ್ಟಿನ ಗಿರಣಿಗೆ ಹೋದೆ. ತಲೆ, ರೆಪ್ಪೆ, ಮೀಸೆ ಎಲ್ಲ ಹಿಟ್ಟಾಗಿದ್ದ ಮನುಷ್ಯನೊಬ್ಬ ನನ್ನ ಕೈಯ ಡಬ್ಬಿಯನ್ನು ಇಸಿದುಕೊಂಡು, ಒಂದು ಕ್ಷಣ ನನ್ನನ್ನೇ ನೋಡಿ ಟೀಚರಮ್ಮ ಎಂದ. ನೀವು. ನನ್ನ ಕೈಯಿಂದಲೇ ಡಬ್ಬಿ ತೆಗೆದುಕೊಂಡಿದ್ದಿರಿ. ಬಿಸಿಲಲ್ಲಿ ಬಂದಿದೀರಿ, ಕೂತ್ಕೊಳ್ಳಿ ಎಂದು ಸ್ಟೂಲು ಒರೆಸಿಕೊಟ್ಟಿರಿ. ಮೂಲೆಯಲ್ಲಿ ಮಣ್ಣಿನ ಹೂಜಿ, ಅದರ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿತ್ತು. ನಾನು ಅದನ್ನೇ ನೋಡುತ್ತಿದ್ದುದು ನಿಮಗೆ ಕಂಡಿತು. ಉಪಯೋಗವಿಲ್ಲ ಅಂತ ಗೊತ್ತು, ಆದರೂ ಕಟ್ಟದೆ ಇರೋಕಾಗಲ್ಲ ಎಂದು ಸಂಕೋಚದಿಂದ ನಕ್ಕಿರಿ. ಈಗಲೂ ಕಣ್ಣು ಮುಚ್ಚಿದರೆ ಅವು ಓಡಾಡುತ್ತವೆ ಎಂದಿರಿ. ಲೋಟದಲ್ಲಿ ನೀರು ಬಗ್ಗಿಸಿ ತಂದು ನನ್ನ ಕೈಗೆ ಕೊಟ್ಟಿರಿ.

'ಈಗ ಕೈಗೇ ಕೊಡಬೋದಲ್ಲ ಟೀಚರಮ್ಮ.'

ಬೆರಳಿಗೆ ಬೆರಳು ತಾಗಿತು. ಯಾವುದಕ್ಕಾಗಿ ಅಷ್ಟು ಉರಿದುಕೊಂಡಿದ್ದೆನೋ ಅದು ಕೈಗೆ ಬಂದಿತ್ತು, ನಿಮ್ಮ ಇಡೀ ಬದುಕನ್ನೇ ಬೆಲೆಯಾಗಿ ತೆತ್ತು. ಗಿರಣಿಯ ಸದ್ದಿನಲ್ಲಿ ನಾನು ಆ ನೀರು ಕುಡಿದೆ. ಹೇಳಲಿಲ್ಲ. ಅಲ್ಲೂ ಹೇಳಲಿಲ್ಲ, ಭಂತೆ. ಹಿಟ್ಟಿನ ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಮುಂದಿನ ತಿಂಗಳಿಂದ ದೂರದ ಇನ್ನೊಂದು ಗಿರಣಿಗೆ ಹೋಗತೊಡಗಿದೆ.

ಹೇಗೂ ಬಟ್ಟೆ ಎಲ್ಲವನ್ನೂ ತಡೆಯುವುದಿಲ್ಲ, ಇನ್ನೂ ದೊಡ್ಡ ಸೂಕ್ಷ್ಮದರ್ಶಕವಿದ್ದರೆ ನಿಜವಾಗಿಯೂ ಏನಾದರೂ ಕಾಣುತ್ತಿತ್ತು ಎಂದು ಬಹಳ ಕಾಲ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಕಾಣುತ್ತಿತ್ತೇನೋ. ಅದನ್ನು ನೀವು ನಿಮ್ಮ ಕಣ್ಣಿನಿಂದ, ನಿಮ್ಮ ಗುರುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಧಾನವಾಗಿ ಕಂಡು, ಏನು ಮಾಡಬೇಕೆಂದು ನೀವೇ ತೀರ್ಮಾನಿಸುತ್ತಿದ್ದಿರಿ. ಆ ಅವಕಾಶವನ್ನು ಕದ್ದವಳು ನಾನು. ಸತ್ಯಕ್ಕೆ ನನ್ನ ಸುಳ್ಳಿನ ಊರುಗೋಲು ಬೇಕಿರಲಿಲ್ಲ.

ನಿವೃತ್ತಿಯಾದ ಮೇಲೆ ಧೈರ್ಯ ಮಾಡಿ ಮಾರೇನಹಳ್ಳಿಗೆ ಹೋದೆ. ಗಿರಣಿಯ ಜಾಗದಲ್ಲಿ ಬಟ್ಟೆ ಅಂಗಡಿ. ಅಕ್ಕಪಕ್ಕದವರಿಗೆ ನೀವು ಎಲ್ಲಿಗೆ ಹೋದಿರೆಂದು ಗೊತ್ತಿಲ್ಲ. ನಮ್ಮ ತಂಡದ ಹಳಬರು ಇನ್ನೂ ಆಗಾಗ ಸೇರುತ್ತೇವೆ. ಈ ಸಲ ಸೇರಿದಾಗ ಇದನ್ನು ಎಲ್ಲರ ಎದುರು ಗಟ್ಟಿಯಾಗಿ ಓದುತ್ತೇನೆ, ರಾಜಣ್ಣ ಮೇಷ್ಟ್ರೂ ಕೇಳಲಿ. ಅದರಿಂದ ನಿಮಗೇನೂ ಮರಳಿ ಸಿಗುವುದಿಲ್ಲ ಎಂದು ಗೊತ್ತಿದೆ. ಕ್ಷಮಿಸಿ ಎಂದೂ ಕೇಳುವುದಿಲ್ಲ. ನೀವು ಎಲ್ಲೇ ಇರಿ, ನೀರು ಕುಡಿಯುವಾಗ ಒಂದು ಮಾತು ನಿಮಗೆ ತಲುಪಬೇಕು. ಅವತ್ತು ನೀವು ಊಟ ಮುಗಿಸಿ ಬಂದಾಗ ನಾನು ಹೇಳಬೇಕಿದ್ದ ಮಾತು, ಇಷ್ಟೇ ಇತ್ತು ಅದು —

ನಿಮ್ಮ ನೀರಿನಲ್ಲಿ ಏನೂ ಕಾಣಲಿಲ್ಲ, ಭಂತೆ. ಬರುವ ಭಾನುವಾರ ಮತ್ತೆ ನೋಡೋಣ.